ಕಿಟಕಿ ನಿನ್ನ ಬೆನ್ನಿಗಿರಲಿ

ತೆರಕಣಾಂಬಿ
14 ಜುಲೈ 2013

ಶಿವಣ್ಣ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲ ಸಾಲು ಬರೆಯುವುದು ವಾಡಿಕೆ. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಮನೆಯಲ್ಲಿರುವುದು ಇವರ ಫೋನ್ ಒಂದೇ. ಅದು ತರಕಾರಿ ಲಾರಿಯ ಜೊತೆ ಕೇರಳಕ್ಕೆ ಹೋಗಿರುತ್ತದೆ. ಇವರು ಮನೆಯಲ್ಲಿದ್ದಾಗ ಮಾತಾಡಿದರೆ ಅತ್ತೆಯ ಕಿವಿಗೆ ಬೀಳುತ್ತದೆ. ಅದಕ್ಕೇ ಕಂಡಕ್ಟರ್ ರಂಗನಾಯಕರ ಕೈಯಲ್ಲಿ ಈ ಕಾಗದ. ಅವರ ಬಸ್ಸು ದಿನಾ ನಿನ್ನ ಸ್ಟುಡಿಯೊ ಮುಂದೆಯೇ ಹಾದುಹೋಗುತ್ತದಂತೆ.

ನಯನಾಗೆ ಏನೋ ಆಗುತ್ತಿದೆ. ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದಕ್ಕೆ ಬೀಳುತ್ತದೆ, ಎರಡು ಕೈಯೂ ಮೇಲೆದ್ದು ಮುಂದೆ ಚಾಚಿಕೊಳ್ಳುತ್ತವೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೆ. ಆಮೇಲೆ ಸರಿಹೋಗುತ್ತಾಳೆ. ಸ್ವಲ್ಪ ಬಿಟ್ಟು ಮತ್ತೆ ಹಾಗೇ. ಮತ್ತೆ. ಸಾಲಾಗಿ ಬಂದು, ಕೊನೆಗೆ ಜೋರಾಗಿ ಅಳುತ್ತಾಳೆ. ಐದು ತಿಂಗಳ ಕೂಸು ಯಾವುದಕ್ಕೆ ಹಾಗೆ ಬಗ್ಗಿ ಬಗ್ಗಿ ನಮಸ್ಕಾರ ಮಾಡಬೇಕು ಹೇಳು.

ಅತ್ತೆಗೆ ತೋರಿಸಿದೆ. "ಬೆಚ್ಚಿ ಬೀಳ್ತದೆ ಕಣಮ್ಮಿ, ಎಲ್ಲಾ ಕೂಸ್ಗೂ ಆಯ್ತದೆ. ದೇವ್ರಿಗೆ ಕೈ ಮುಗೀತಾ ಅದೆ, ಸುಮ್ನಿರು" ಎಂದರು. ಹಾಗೆಂದವರು ಮಗುವಿನ ಮುಖ ನೋಡಲಿಲ್ಲ, ಎದ್ದು ಒಳಗೆ ಹೋದರು.

ಚಾಮರಾಜನಗರದ ಮಕ್ಕಳ ಡಾಕ್ಟರ ಹತ್ತಿರವೂ ಹೋಗಿಬಂದೆವು. ಅಲ್ಲಿದ್ದಷ್ಟು ಹೊತ್ತೂ ಒಂದು ಸಲವೂ ಬರಲಿಲ್ಲ. ಅವರ ಪೆನ್ನು ಹಿಡಿದುಕೊಂಡು ಆಟವಾಡಿದಳು. ಗ್ಯಾಸ್ ಇರಬಹುದು ಎಂದು ಡ್ರಾಪ್ಸ್ ಬರೆದುಕೊಟ್ಟರು. ಹೊರಡುವಾಗ ಮಾತ್ರ, "ಮತ್ತೆ ಬಂದರೆ ವಿಡಿಯೊ ಮಾಡಿ ತನ್ನಿ, ಕಣ್ಣಲ್ಲಿ ನೋಡದೆ ನಾನು ಏನೂ ಹೇಳಲಾರೆ" ಎಂದರು. ಇವರ ಫೋನಿನಲ್ಲಿ ತೆಗೆದದ್ದನ್ನು ಇದರೊಳಗೆ ಇಟ್ಟಿದ್ದೇನೆ, ಫೋನಿನ ಮೆಮೊರಿ ಚಿಪ್ಪು, ಬೆರಳುಗುರಿನಷ್ಟಿದೆ, ಜೋಪಾನ. ನೀನು ಮದುವೆ ವಿಡಿಯೊ ಮಾಡುವವನು. ಇದರಲ್ಲಿ ಏನಾದರೂ ಕಾಣುತ್ತದಾ? ಇಲ್ಲದಿದ್ದರೆ ಯಾವ ಕ್ಯಾಮೆರಾ ಬೇಕು?

ನಿನ್ನ ತಂಗಿ,
ಕಾವ್ಯಶ್ರೀ


ಚಾಮರಾಜನಗರ
21 ಜುಲೈ 2013

ಕಾವ್ಯ,

ನೋಡಿದೆ. ಸ್ಟುಡಿಯೊದ ದೊಡ್ಡ ಟಿವಿಗೆ ಹಾಕಿದರೆ ಕತ್ತಲಲ್ಲಿ ಒಂದು ಕಲೆ ಅಲ್ಲಾಡಿದಂತೆ ಕಂಡಿತು, ಅಷ್ಟೆ. ಅದು ತಲೆಯೋ ಕೈಯೋ ಗೊತ್ತಾಗಲಿಲ್ಲ. ಆ ಫೋನಿನ ತಪ್ಪಲ್ಲ, ನಿಮ್ಮ ನಡುಮನೆಯ ಬೆಳಕಿಗೆ ಅದರ ಕಣ್ಣು ಸಾಲದು.

ಮದುವೆಗೆ ಹಿಡಿಯುವ ನನ್ನ ಕ್ಯಾಮೆರಾ ಹೆಗಲ ಮೇಲೆ ಹೊರುವಂಥದ್ದು. ಅದನ್ನು ಕಂಡರೆ ಮಗು ಹೆದರೀತು, ನಿಮ್ಮ ಅತ್ತೆಯಂತೂ ಇಡಲು ಬಿಡುವುದಿಲ್ಲ. ಅದಕ್ಕೇ ಮೈಸೂರಿಗೆ ಹೋಗಿ ಅಂಗೈಯಲ್ಲಿ ಹಿಡಿಯುವ ಎಚ್‌ಡಿ ಹ್ಯಾಂಡಿಕ್ಯಾಮ್ ತಂದಿದ್ದೇನೆ. ಅಂಗಡಿಯವನು ಝೂಮ್ ಎಷ್ಟು ಪಟ್ಟು ಎಂದು ಹೊಗಳುತ್ತಲೇ ಇದ್ದ. ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅಂಗಡಿ ಶೆಟರ್ ಅರ್ಧ ಎಳೀರಿ, ಎರಡು ಲೈಟ್ ಆರ್ಸಿ" ಎಂದೆ. ಆ ಮಬ್ಬಿನಲ್ಲಿ ಬಿಲ್ ಬರೆಯುವ ಹುಡುಗಿಯ ಕೈಯನ್ನು ಒಂದೊಂದಾಗಿ ಎಲ್ಲ ಕ್ಯಾಮೆರಾದಲ್ಲೂ ತೆಗೆದೆ. ಒಂದರಲ್ಲಿ ಮಾತ್ರ ಬೆರಳು ಬೆರಳಾಗಿ ಕಂಡಿತು, ಉಳಿದವುಗಳಲ್ಲಿ ಇರುವೆ ಮುತ್ತಿದ ಹಾಗೆ ಚುಕ್ಕಿ. ಆ ಒಂದನ್ನು ತಂದೆ. ಕರೆಂಟ್ ಹೋದರೂ ನಡೆಯಲೆಂದು ದೊಡ್ಡ ಬ್ಯಾಟರಿಯನ್ನೂ ಹಾಕಿಸಿದ್ದೇನೆ.

ತೆಗೆಯುವಾಗ ಕಿಟಕಿ ನಿನ್ನ ಬೆನ್ನಿಗಿರಲಿ, ಮಗುವಿನ ಬೆನ್ನಿಗಲ್ಲ. ಇಲ್ಲದಿದ್ದರೆ ಮುಖ ಕಪ್ಪಾಗಿ ಬರುತ್ತದೆ. ಝೂಮ್ ಮುಟ್ಟಬೇಡ. ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣಲಿ. ಇನ್ನೊಂದು, ಬಂದ ಮೇಲೆ ಕ್ಯಾಮೆರಾ ಹುಡುಕಿದರೆ ಸಿಕ್ಕುವುದಿಲ್ಲ. ಅವಳು ಏಳುವುದಕ್ಕೆ ಮುಂಚೆಯೇ ಆನ್ ಮಾಡಿ ಸ್ಟ್ಯಾಂಡಿನ ಮೇಲೆ ಬಿಟ್ಟುಬಿಡು.

ಮನೆಯಲ್ಲಿ ಕೇಳಿದರೆ, ಸೋದರಮಾವ ಕೂಸಿನ ಆಟಪಾಠ ನೋಡಬೇಕಂತೆ ಎನ್ನು. ಅದು ಸುಳ್ಳೂ ಅಲ್ಲ.

ನಿನ್ನ ಅಣ್ಣ,
ಶಿವಮೂರ್ತಿ


ತೆರಕಣಾಂಬಿ
11 ಆಗಸ್ಟ್ 2013

ಶಿವಣ್ಣ,

ಕ್ಯಾಮೆರಾ ತಲುಪಿ ಬಹಳ ದಿನವಾಯಿತು. ಬರೆಯಲು ಏನೂ ಇರಲಿಲ್ಲ ಎಂದಲ್ಲ.

ಮೊದಲ ದಿನವೇ ಅತ್ತೆ ಅಡ್ಡ ನಿಂತರು. "ವರ್ಸ ತುಂಬೋಗಂಟ ಕೂಸಿನ ಪಟ ತೆಗೀಬಾರ್ದು, ತಗಂಡೋಗಿ ಒಳಗ್ ಮಡಗು" ಎಂದು ಸೆರಗನ್ನು ಮಗುವಿನ ಮೇಲೆ ಎಳೆದರು. ಅವರು ಕೂಗಾಡುವವರಲ್ಲ, ನಿನಗೇ ಗೊತ್ತು. ಅವತ್ತು ಕೂಗಿದರು. ಇವರು ಇದ್ದರು, "ಓಗ್ಲಿ ಬುಡವ್ವ, ಅವ್ರಣ್ಣ ಕೇಳವ್ರೆ" ಎಂದರು. ಅತ್ತೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಅವರು ಹಿತ್ತಿಲಿಗೆ ಹೋದಾಗ ತೆಗೆದೆ. ಮೊದಲ ಸಲ ತೊಟ್ಟಿಲಿನ ಸೊಳ್ಳೆಪರದೆಯ ಒಂದೊಂದು ಕಣ್ಣೂ ಸ್ಪಷ್ಟವಾಗಿ ಬಂದಿತ್ತು, ಒಳಗಿನ ಮಗು ಮಾತ್ರ ಮಂಜು. ಇನ್ನೊಂದು ಸಲ ಪರದೆ ತೆಗೆದೆ, ಅವತ್ತು ಅವಳು ನಗುತ್ತಾ ಎದ್ದಳು. ಮತ್ತೊಂದು ಸಲ ಕ್ಯಾಮೆರಾ ಆನ್ ಆಗಿದೆ ಎಂದುಕೊಂಡಿದ್ದೆ, ಆಗಿರಲಿಲ್ಲ. ಕಣ್ಣೆದುರಿಗೇ ಸಾಲಾಗಿ ಬಂದು ಹೋದವು. ಅವಳನ್ನು ಎತ್ತಿಕೊಳ್ಳದೆ ಕ್ಯಾಮೆರಾದ ಗುಂಡಿ ಹುಡುಕುತ್ತಾ ನಿಂತಿದ್ದೆನಲ್ಲ, ಎಂಥ ತಾಯಿ ನಾನು.

ಈಗ ಮೊದಲಿಗಿಂತ ಹೆಚ್ಚು ಬರುತ್ತಿವೆ. ನಗುವೂ ಕಡಿಮೆಯಾಗಿದೆ ಅನ್ನಿಸುತ್ತದೆ. ನನ್ನ ಭ್ರಮೆಯೋ ಏನೋ.

ಪಕ್ಕದ ಮನೆಯ ಗುರುಸಿದ್ದಮ್ಮ ನಿನ್ನೆ ಬಂದು ನೋಡಿದರು. "ಇದು ಬಾಲಗ್ರಹ ಕಣ್ರವ್ವ. ಬಳೆಚೂರು ಕಾಯ್ಸಿ ಹಣೆ ಮೇಲೆ ಒಂದ್ ಚುಕ್ಕೆ ಬರೆ ಇಟ್ರೆ ಬುಟ್ಟೋಯ್ತದೆ" ಎಂದರು. ನಾನು ಅತ್ತೆಯ ಕಾಲು ಹಿಡಿದು ಬೇಡವೆಂದೆ. ಅವರು ಇಡುತ್ತೇನೆ ಎನ್ನಲಿಲ್ಲ, ಇಡುವುದಿಲ್ಲ ಎಂದೂ ಅನ್ನಲಿಲ್ಲ. ಒಲೆಯನ್ನೇ ನೋಡುತ್ತಾ ಕುಳಿತರು.

ಓಣಂ ಹತ್ತಿರ ಬರುತ್ತಿದೆ. ಚೆಂಡುಹೂವು ಬಿಡಿಸಲು ನಾನು ಹೊಲಕ್ಕೆ ಹೋಗಲೇಬೇಕು, ಆಳು ಸಿಕ್ಕುತ್ತಿಲ್ಲ. ಇವರು ಮನೆಗೆ ಬರುವುದೇ ಅಪರೂಪ. ಮಗು ಬೆಳಗಿನಿಂದ ಮಧ್ಯಾಹ್ನದವರೆಗೆ ಅತ್ತೆಯ ಬಳಿ. ನನಗೆ ಭಯವಾಗುತ್ತದೆ ಅಣ್ಣ. ರೋಗದ್ದೋ, ಆ ಒಲೆಯದ್ದೋ, ಯಾವುದರ ಭಯ ಹೆಚ್ಚು ಎಂದು ಕೇಳಿದರೆ ಹೇಳಲಾರೆ.

ಕಾವ್ಯ


ಚಾಮರಾಜನಗರ
14 ಆಗಸ್ಟ್ 2013

ಕಾವ್ಯ,

ನಡುಮನೆಯ ಗೋಡೆಯಲ್ಲಿ ದೀಪದ ಗೂಡು ಇದೆಯಲ್ಲ, ಕ್ಯಾಮೆರಾವನ್ನು ಅಲ್ಲಿಡು. ಅಲ್ಲಿಂದ ತೊಟ್ಟಿಲು ನೇರ ಕಾಣುತ್ತದೆ. ಕ್ಯಾಮೆರಾದ ಮುಂದೆ ಉರಿಯುವ ಕೆಂಪು ದೀಪಕ್ಕೆ ಕಪ್ಪು ಟೇಪು ಅಂಟಿಸು, ಕಾಗದದ ಜೊತೆ ಇಟ್ಟಿದ್ದೇನೆ. ಫೋಕಸ್ ಅನ್ನು ಅದರ ಪಾಡಿಗೆ ಬಿಟ್ಟರೆ ಹತ್ತಿರವಿರುವುದನ್ನೇ ಹಿಡಿಯುತ್ತದೆ. ತೊಟ್ಟಿಲ ದಿಂಬಿಗೆ ಸರಿಮಾಡಿ ಅಲ್ಲಿಗೇ ಲಾಕ್ ಮಾಡು. ಹೊಲಕ್ಕೆ ಹೊರಡುವಾಗ ಆನ್ ಮಾಡಿ ಹೋಗು. ದೊಡ್ಡ ಕಾರ್ಡು ಹಾಕಿದ್ದೇನೆ, ನೀನು ಬರುವತನಕ ಸಾಲುತ್ತದೆ.

ನಾನೇ ಬರಲಾ? ಹೇಳು. ಮದುವೆ ವಿಡಿಯೊ ಒಪ್ಪಿಕೊಂಡಿದ್ದರೆ ಏನಂತೆ, ಬೇರೆಯವರನ್ನು ಕಳಿಸುತ್ತೇನೆ.

ನಿಮ್ಮ ಅತ್ತೆ ಕೆಟ್ಟವರಲ್ಲ ಎಂದು ನನಗೂ ಗೊತ್ತು. ಆದರೂ ಆ ಬಳೆಚೂರಿನ ಮಾತು ಓದಿದ ಮೇಲೆ ಊಟ ಸೇರಲಿಲ್ಲ.

ಶಿವಣ್ಣ


ತೆರಕಣಾಂಬಿ
7 ಸೆಪ್ಟೆಂಬರ್ 2013

ಶಿವಣ್ಣ,

ಕಾರ್ಡು ಇದರೊಳಗಿದೆ. ನಿನ್ನೆಯದು. ಹೊಲದಿಂದ ಬಂದಾಗ ಮಗು ಮಲಗಿತ್ತು. ಅತ್ತೆ ತೊಟ್ಟಿಲ ಹಗ್ಗ ಹಿಡಿದು ಗೋಡೆಗೊರಗಿ ಕೂತಿದ್ದರು, ಕಣ್ಣು ಊದಿತ್ತು. "ಬಂತಾ ಅತ್ತೆ?" ಎಂದೆ. "ಬಂತು" ಎಂದರು. ಮಗುವಿನ ಮೈಯೆಲ್ಲ ನೋಡಿದೆ, ಎಲ್ಲೂ ಏನೂ ಇಲ್ಲ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಹಾಕಿ ನೋಡಲು ಹೋದೆ. ಅವಳು ಕಣ್ಣು ಬಿಡುವತನಕ ನೋಡಿ ನಿಲ್ಲಿಸಿಬಿಟ್ಟೆ. ನೀನು ನೋಡು. ಡಾಕ್ಟರಿಗೆ ತೋರಿಸಬೇಕಾದದ್ದು ಇದ್ದರೆ ಹೇಳು.

ಕಾವ್ಯ


ಚಾಮರಾಜನಗರ
8 ಸೆಪ್ಟೆಂಬರ್ 2013, ಬೆಳಿಗ್ಗೆ

ಕಾವ್ಯ,

ಇದನ್ನು ನಿನ್ನ ಕೈಗೇ ಕೊಡಬೇಕೆಂದು ರಂಗನಾಯಕರಿಗೆ ಹೇಳಿದ್ದೇನೆ. ಪುಟ್ಟರಾಜುವಿನ ಫೋನ್ ಸಿಕ್ಕುತ್ತಿಲ್ಲ, ಲಾರಿ ಘಾಟಿಯಲ್ಲಿದೆಯೋ ಏನೋ. ಓದಿದ ಕೂಡಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊ. ನಾನು ಬರುವತನಕ ಇಳಿಸಬೇಡ. ಈಗ ಕಾರ್ಡು ಹಿಡಿದುಕೊಂಡು ಡಾಕ್ಟರ ಮನೆಗೆ ಹೋಗುತ್ತಿದ್ದೇನೆ. ಅಲ್ಲಿಂದ ಕಾರು ಮಾಡಿಕೊಂಡು ನೇರ ನಿಮ್ಮಲ್ಲಿಗೆ. ಬಟ್ಟೆ ಕಟ್ಟಿಕೊಂಡಿರು.

ಎಲ್ಲವೂ ಸ್ಪಷ್ಟವಾಗಿ ಬಂದಿದೆ. ಅವಳು ಏಳುತ್ತಾಳೆ, ತಲೆ ಬೀಳುತ್ತದೆ, ಕೈ ಚಾಚುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತದೆ. ಪ್ರತಿ ಸಲವೂ ಅಚ್ಚು ಒತ್ತಿದ ಹಾಗೆ ಒಂದೇ ಥರ. ಬೆಚ್ಚಿ ಬೀಳುವ ಮಗು ಹಾಗೆ ಬೀಳುವುದಿಲ್ಲ. ನಾನು ಡಾಕ್ಟರಲ್ಲ, ಆದರೂ ನೋಡಿದ ಕೂಡಲೇ ಇದು ಗ್ಯಾಸ್ ಅಲ್ಲವೆಂದು ಗೊತ್ತಾಯಿತು.

ಇನ್ನೊಂದನ್ನು ಹೇಳದೆ ಇರಲಾರೆ. ಆಮೇಲೆ ನಿಮ್ಮ ಅತ್ತೆ ಬರುತ್ತಾರೆ. ಕೈಯಲ್ಲಿ ಚಿಮಟ, ಅದರ ತುದಿಯಲ್ಲಿ ಕೆಂಪಗೆ ಕಾದ ಬಳೆಚೂರು. ತೊಟ್ಟಿಲ ಮೇಲೆ ಬಗ್ಗಿ ಅದನ್ನು ಮಗುವಿನ ಹಣೆಯ ಹತ್ತಿರ ತರುತ್ತಾರೆ. ನಾನು ಟಿವಿಯ ಮುಂದೆ ನಿಂತು ಕಿರುಚಿಬಿಟ್ಟೆ. ಅವರ ಕೈ ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಚಿಮಟವನ್ನು ಬಾಗಿಲಾಚೆ ಎಸೆದು, ಮಗುವನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಸಿದರು. ಅವರಾಡಿದ್ದು ಕೇಳಿಸುತ್ತದೆ:

"ನಿನ್ ದೊಡ್ಡಪ್ಪನ್ಗೆ ಇಟ್ಟೆ ಕಣವ್ವ. ಹಣೆಗೂ ಇಟ್ಟೆ, ಹೊಟ್ಟೆಗೂ ಇಟ್ಟೆ. ಮೈಸೂರ್ಗೆ ಓಗಿ ಪಟ ತೆಗಿಸ್ಕಂಡ್ ಬಂದ್ ವಾರಕ್ಕೆ ಸುರುವಾಯ್ತು. ಇಟ್ರೂ ಉಳೀಲಿಲ್ಲ ಕಣವ್ವ ಅವ್ನು."

ಪುಟ್ಟರಾಜುವಿಗೆ ಒಬ್ಬ ಅಣ್ಣನಿದ್ದನೆಂದು ನಿನಗೆ ಗೊತ್ತಿತ್ತಾ?

ಅವರ ಮೇಲೆ ಕೂಗಾಡಬೇಡ. ಮೊನ್ನೆ ಅವರ ಕೈ ನಿಂತಿತು. ಇವತ್ತೂ ನಿಲ್ಲುತ್ತದೆ ಎಂದು ನಂಬಿ ಕೂರಲು ನನ್ನಿಂದಾಗದು, ಅಷ್ಟೆ. ಬರುತ್ತಿದ್ದೇನೆ.

ಅಣ್ಣ


ಮೈಸೂರು, ಮಕ್ಕಳ ವಾರ್ಡು
17 ಸೆಪ್ಟೆಂಬರ್ 2013

ಶಿವಣ್ಣ,

ನೀನು ಕಾರಿನಲ್ಲಿ ಬರುವ ಮುಂಚಿನದ್ದನ್ನೂ, ನೀನು ಕೆಳಗೆ ಔಷಧಿ ತರಲು ಹೋದಾಗ ಡಾಕ್ಟರ ಕೋಣೆಯಲ್ಲಿ ಆದದ್ದನ್ನೂ ನಿನಗೆ ಹೇಳಲಾಗಿಲ್ಲ. ಇಲ್ಲಿ ಅತ್ತೆ ನನ್ನನ್ನು ಬಿಟ್ಟು ಕದಲುತ್ತಿಲ್ಲ. ಈಗ ಮುಖ ತೊಳೆಯಲು ಹೋಗಿದ್ದಾರೆ.

ಅವತ್ತು ರಂಗನಾಯಕರು ಬಸ್ಸು ನಿಲ್ಲಿಸಿ, ಹೊಲದ ಬದುವಿನ ಮೇಲೆ ಓಡಿಬಂದು ಕಾಗದ ಕೊಟ್ಟರು. ಅರ್ಧ ಓದಿ ಹೂವಿನ ಚೀಲ ಅಲ್ಲೇ ಬಿಟ್ಟು ಓಡಿದೆ. ದೂರದಿಂದಲೇ ಸೂರಿನ ಮೇಲೆ ಹೊಗೆ ಕಂಡಿತು. ಒಲೆ ಉರಿಯುತ್ತಿದೆ ಎನ್ನುವುದೊಂದೇ ತಲೆಯಲ್ಲಿ. ದಾರಿಯಲ್ಲಿ ಬಿದ್ದು ಮಂಡಿ ತರಚಿಕೊಂಡದ್ದು ಆಮೇಲೆ ಗೊತ್ತಾಯಿತು. ಬಾಗಿಲಿಗೆ ಬಂದು ನೋಡಿದರೆ ಅತ್ತೆ ಒಲೆಯ ಮುಂದೆಯೇ ಇದ್ದರು. ಮಗುವಿಗೆ ಸ್ನಾನದ ನೀರು ಕಾಯಿಸುತ್ತಿದ್ದರು.

ನಾನು ಮಗುವನ್ನು ಕಿತ್ತುಕೊಂಡೆ. "ಏನಾಯ್ತಮ್ಮಿ, ಯಾರ್ಗೇನಾಯ್ತು?" ಎಂದು ಅವರೇ ಹೆದರಿದರು. ಸುಳ್ಳು ಹೇಳಲು ನನಗೆ ಉಸಿರಿರಲಿಲ್ಲ. "ಗೂಡಲ್ಲಿ ಕ್ಯಾಮೆರಾ ಇತ್ತು ಅತ್ತೆ" ಎಂದೆ. ಅವರು ಗೂಡಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಎಲ್ಲಾ ಬಂದದಾ ಅದ್ರಲ್ಲಿ?"

"ಎಲ್ಲ ಬಂದಿದೆ."

"ನಾನಾಡಿದ್ದೂವೆ?"

"ಹೂಂ."

ಒಲೆಗೆ ನೀರು ಹೊಯ್ದರು. ಅಷ್ಟು ಹೊತ್ತು ಕಾಯಿಸಿದ ನೀರನ್ನೇ ತೆಗೆದು ಹೊಯ್ದುಬಿಟ್ಟರು. ಕೈ ಒರೆಸಿಕೊಂಡು, "ನಾನೂ ಬತ್ತೀನಿ, ನಡಿ" ಎಂದರು. ನೀನು ಬಂದಾಗ ಅವರು ಸೀರೆ ಬದಲಿಸಿ ಜಗುಲಿಯ ಮೇಲೆ ಕೂತಿದ್ದು ಅದಕ್ಕೇ.

ಇಲ್ಲಿನ ಡಾಕ್ಟರಮ್ಮ ವಿಡಿಯೊವನ್ನು ಕಂಪ್ಯೂಟರಿನಲ್ಲಿ ಹಾಕಿ ಎರಡು ಸಲ ನೋಡಿದರು, ಎರಡನೇ ಸಲ ನಿಧಾನವಾಗಿ ಓಡಿಸಿ. ಅದು ಒಂದು ಥರದ ಮೂರ್ಛೆಯಂತೆ, ಹಸುಕೂಸುಗಳಿಗೆ ಬರುವಂಥದ್ದು. ದೊಡ್ಡವರ ಮೂರ್ಛೆಯ ಹಾಗೆ ಬಿದ್ದು ಒದ್ದಾಡದೆ ಹೀಗೆ ಬಂದು ಹೋಗುವುದರಿಂದ ಬಹಳ ಜನ ಗುರುತಿಸುವುದಿಲ್ಲವಂತೆ. ಬಿಟ್ಟರೆ ಮಿದುಳು ಬೆಳೆಯುವುದೇ ನಿಂತುಬಿಡುತ್ತದಂತೆ. ತಲೆಗೆಲ್ಲ ತಂತಿ ಅಂಟಿಸಿ ಪರೀಕ್ಷೆ ಮಾಡಿದ ಮೇಲೂ ಅದೇ ಬಂತು. "ತಡವಾಗಿದೆ. ಆದರೆ ತೀರಾ ತಡವಾಗಿಲ್ಲ" ಎಂದರು. ಆ ಎರಡು ಮಾತಿನ ನಡುವೆ ನಾನು ಇಷ್ಟು ದಿನದಿಂದ ಕೂತಿದ್ದೇನೆ.

ಅಷ್ಟರಲ್ಲಿ ಇವರು ಕೋಳಿಕ್ಕೋಡಿನಿಂದ ಬಂದಿದ್ದರು, ಶರ್ಟಿನ ಮೇಲೆ ಟೊಮೆಟೊ ಕಲೆ ಹಾಗೇ ಇತ್ತು. ಡಾಕ್ಟರಮ್ಮ ಕೇಳಿದರು: "ನಿಮ್ಮ ಮನೇಲಿ ಮುಂಚೆ ಯಾರಿಗಾದರೂ ಹೀಗೆ ಆಗಿತ್ತಾ?"

"ಯಾರ್ಗೂ ಇಲ್ಲ ಮೇಡಂ" ಎಂದರು ಇವರು.

ನಾನು ನೆಲ ನೋಡಿದೆ. ಹೇಳುವುದು ನನ್ನ ಬಾಯಿಂದ ಬರಬಾರದು ಅನ್ನಿಸಿತು.

"ಒಬ್ಬನ್ಗೆ ಇತ್ತು" ಎಂದರು ಅತ್ತೆ, ಹಿಂದಿನಿಂದ. ಇವರು ತಿರುಗಿದರು. ಅತ್ತೆ ಮಗನನ್ನು ನೋಡದೆ ಡಾಕ್ಟರಮ್ಮನಿಗೇ ಹೇಳಿದರು. "ಇವ್ನು ಹುಟ್ಟಕ್ಕೆ ಮುಂಚೆ ನನ್ಗೊಬ್ಬ ಮಗ ಇದ್ದ. ಇಂಗೇ ಬಗ್ಗಿ ಬಗ್ಗಿ ಬೀಳನು. ಯಾರ್ಗೂ ಏಳ್ಬ್ಯಾಡ, ಮುಂದೆ ಹುಟ್ಟೋ ಮಕ್ಳಿಗೆ ಎಣ್ಣು ಸಿಕ್ಕಲ್ಲ ಅಂದ್ರು ನಮ್ಮತ್ತೆ. ಏಳ್ಲಿಲ್ಲ." ಆಮೇಲೆ, "ನಾನು ಬರೆ ಇಟ್ಟಿದ್ಕೇ ಓಗ್ಬುಟ್ನಾ ಅವ್ನು? ನಿಜ ಏಳಿ" ಎಂದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಬರೆಯಿಂದ ಹೋಗಲಿಲ್ಲಮ್ಮ. ಬರೆಯಿಂದ ಉಳಿಯುವ ಹಾಗೂ ಇರಲಿಲ್ಲ. ಆಗ ಇಲ್ಲಿಗೆ ಬಂದಿದ್ದರೂ ಏನಾಗುತ್ತಿತ್ತೋ ನಾನು ಹೇಳಲಾರೆ."

ಇವರು ಎದ್ದು ಹೊರಗೆ ಹೋದರು.

ಈಗ ದಿನಾ ತೊಡೆಗೆ ಇಂಜೆಕ್ಷನ್. ಮಗುವಿನ ಕಾಲು ಹಿಡಿಯಲು ನನ್ನ ಕೈಲಾಗುವುದಿಲ್ಲ, ಅತ್ತೆ ಹಿಡಿಯುತ್ತಾರೆ. ಮುಖ ಊದಿ ಗುಂಡಗಾಗಿದೆ, ಸದಾ ಸಿಡಿಮಿಡಿ. ಅದು ಔಷಧಿಯದ್ದಂತೆ. ಬಗ್ಗುವುದು ಇನ್ನೂ ನಿಂತಿಲ್ಲ.

ಕಾವ್ಯ


ಚಾಮರಾಜನಗರ
20 ಅಕ್ಟೋಬರ್ 2013

ಕಾವ್ಯ,

ನೀವು ಊರಿಗೆ ಮರಳಿದ ಸುದ್ದಿಯನ್ನು ರಂಗನಾಯಕರು ಹೇಳಿದರು. ಬಗ್ಗುವುದು ನಿಂತಿದೆ ಎಂದು ಅವರೇ ಅಂದರು. ನಿನ್ನ ಕೈಬರಹದಲ್ಲಿ ಓದುವತನಕ ನಂಬಬಾರದು ಎಂದುಕೊಂಡಿದ್ದೇನೆ.

ಡಾಕ್ಟರಮ್ಮ ನನಗೆ ಫೋನ್ ಮಾಡಿದ್ದರು. ವಾರಕ್ಕೊಂದು ಸಲ ಚಾಪೆಯ ಮೇಲೆ ಬಿಟ್ಟು, ಅವಳು ಏಳುವಾಗಲೂ ಆಡುವಾಗಲೂ ತೆಗೆದು ಕಳಿಸಬೇಕಂತೆ. ಒಂದೇ ಜಾಗ, ಒಂದೇ ಹೊತ್ತು. ಹಾಗಾದರೆ ಹೋದ ವಾರಕ್ಕೂ ಈ ವಾರಕ್ಕೂ ವ್ಯತ್ಯಾಸ ಕಾಣುತ್ತದೆ. ಈಗ ಗೂಡಿನಲ್ಲಿ ಅಡಗಿಸಿಡುವ ಅಗತ್ಯವಿಲ್ಲವಲ್ಲ, ಸ್ಟ್ಯಾಂಡನ್ನು ನೆಲದ ಮಟ್ಟಕ್ಕೆ ಇಳಿಸಿ ಇಡು.

ನಾನು ಈಗ ಮದುವೆಯ ವಿಡಿಯೊ ಎಡಿಟ್ ಮಾಡಲು ಕೂತರೆ, ಯಾರ ಕಂಕುಳಲ್ಲಾದರೂ ಮಗು ಕಂಡಾಗ ನಿಲ್ಲಿಸಿ ಹಿಂದಕ್ಕೆ ಓಡಿಸಿ ನೋಡುತ್ತೇನೆ. ತಲೆ ಬಿತ್ತಾ, ನಿದ್ದೆಗೆ ತೂಗಿತಾ? ಊರವರ ಮಕ್ಕಳನ್ನೆಲ್ಲ ಹೀಗೆ ನೋಡುತ್ತಿದ್ದೇನೆ. ನಿನಗೆ ಹೇಗಿರಬಹುದು ಎಂದು ಕೇಳಲು ನನಗೆ ಬಾಯಿಲ್ಲ.

ಪುಟ್ಟರಾಜು ಅವರವ್ವನ ಜೊತೆ ಮಾತಾಡಿದನಾ?

ಶಿವಣ್ಣ


ತೆರಕಣಾಂಬಿ
15 ಡಿಸೆಂಬರ್ 2013

ಶಿವಣ್ಣ,

ನನ್ನ ಕೈಬರಹದಲ್ಲೇ ಓದಿಕೊ: ನಿಂತಿದೆ. ತಲೆಗೆ ತಂತಿ ಹಾಕಿ ಮತ್ತೆ ನೋಡಿದರು, ಮುಂಚಿನ ಗೊಂದಲವಿಲ್ಲ ಎಂದರು. ಇಂಜೆಕ್ಷನ್ ಮುಗಿದು ಈಗ ಸಿರಪ್ ಅಷ್ಟೆ. ಆದರೆ ಅವಳ ವಾರಿಗೆಯ ಮಕ್ಕಳು ಅಂಬೆಗಾಲಿಡುತ್ತಿವೆ, ಇವಳು ಇನ್ನೂ ಆತುಕೊಳ್ಳದೆ ಕೂರುವುದಿಲ್ಲ. ಎರಡು ವರ್ಷ ತುಂಬುವತನಕ ಏನೂ ಹೇಳಲಾಗದು, ಮರಳಿ ಬಂದರೂ ಬರಬಹುದು ಎಂದಿದ್ದಾರೆ. ಬೆಳಿಗ್ಗೆ ಅವಳು ಕಣ್ಣು ಬಿಡುವ ಮುಂಚೆಯೇ ತೊಟ್ಟಿಲ ಹತ್ತಿರ ಹೋಗಿ ಕೂರುತ್ತೇನೆ. ಸೀನಿದರೆ, ತೂಕಡಿಸಿದರೆ, ಗಿಲಕಿಗೆ ಕೈ ಚಾಚಿದರೆ ಎದೆ ಧಸಕ್ಕೆನ್ನುತ್ತದೆ. ಅತ್ತೆಯ ಕೈಯೂ ಅದೇ ಹೊತ್ತಿಗೆ ಬಂದು ನನ್ನ ಕೈ ಹಿಡಿಯುತ್ತದೆ.

ನೀನು ಇವರ ಬಗ್ಗೆ ಕೇಳಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಇವರು ಅವ್ವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಊಟ ಇಕ್ಕು, ಬಾಗಿಲು ಹಾಕ್ಕೊ, ಅಷ್ಟೇ. ಅತ್ತೆಯೂ ಸಹಿಸಿಕೊಂಡರು. ಇವರು ಕೋಪಗೊಂಡಿದ್ದಾರೋ ದುಃಖವೋ ನನಗೂ ತಿಳಿಯುತ್ತಿರಲಿಲ್ಲ. ಕೇಳಲು ಭಯ.

ಇವತ್ತು ಬೆಳಿಗ್ಗೆ ಅಂಗಳದಲ್ಲಿ ಲಾರಿಗೆ ಟೊಮೆಟೊ ತುಂಬುತ್ತಿದ್ದರು. ಅತ್ತೆ ಒಂದು ಪಕ್ಕ ಕೂತು ಕೊಳೆತದ್ದನ್ನು ಆರಿಸಿ ಹಾಕುತ್ತಿದ್ದರು. ನಾನು ಜಗುಲಿಯ ಮೇಲೆ ನಯನಾಳ ಕಾಲುಗಳಿಗೆ ಎಣ್ಣೆ ತಿಕ್ಕುತ್ತಿದ್ದೆ. ಕೊನೆಯ ಕ್ರೇಟು ಏರಿಸಿ ಇವರು ಕೈ ಒರೆಸಿಕೊಂಡರು. ಲಾರಿ ಹತ್ತಲು ಹೋದವರು ವಾಪಸ್ ಬಂದು ಅವ್ವನ ಮುಂದೆ ನಿಂತರು.

"ಅವ್ನ ಏನಂತ ಕರೀತಿದ್ದೆ ಅವ್ವ?"

ಅತ್ತೆಯ ಕೈ ಹಣ್ಣಿನ ಮೇಲೆ ಹಾಗೇ ನಿಂತಿತು. ಎಷ್ಟೋ ವರ್ಷದಿಂದ ಆಡದ ಹೆಸರು, ಬಾಯಿಗೆ ಬರಲು ಹೊತ್ತು ಹಿಡಿಯಿತು.

"ಮಾದೇಶ ಅಂತ."

"ನನ್ನಂಗಿದ್ನಾ?"

"ಇಲ್ಲ ಕಣಪ್ಪ. ನಿನ್ಗಿಂತ ಕೆಂಪಗಿದ್ದ. ನಕ್ರೆ ಈ ಕೆನ್ನೆಲಿ ಗುಳಿ ಬೀಳದು." ತಮ್ಮ ಕೆನ್ನೆಯನ್ನೇ ಬೆರಳಿನಿಂದ ಒತ್ತಿ ತೋರಿಸಿದರು. ಟೊಮೆಟೊ ರಸ ಅಂಟಿಕೊಂಡಿತು.

ಡ್ರೈವರ್ ಹಾರನ್ ಹೊಡೆದ. ಇವರು ತಿರುಗಿ ನೋಡಲಿಲ್ಲ. ಅವ್ವನ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ಡ್ರೈವರ್ ಇನ್ನೊಂದು ಸಲ ಹೊಡೆದ.

"ಅವ್ನ ಇಸ್ಯ ಏಳವ್ವ, ಇನ್ನೂ ಏಳು" ಎಂದರು.

ಕಾವ್ಯ